ತಪ್ಪು ಕಾಲಿನದೋ, ಕಾರಿನದೋ?

ಮಕ್ಕಳೇ, ಮಕ್ಕಳ ಜೊತೆ ಕೂತು ಓದುತ್ತಿರುವ ತಾತ-ಅಜ್ಜಿಯರೇ, ಈ ವಾರ ನನ್ನ ಮೇಲೆ ಬಂದಿದ್ದ ಒಂದು ಆರೋಪದ ಕಥೆ ಹೇಳುತ್ತೇನೆ. ಆರೋಪ ಹೊರಿಸಿದವನು ನನ್ನ ಮಗ. ಸಾಕ್ಷಿ ನನ್ನ ಹೆಂಡತಿ. ತನಿಖೆ ಮಾಡಿದವಳು ಎಂಟನೇ ಕ್ಲಾಸಿನಲ್ಲಿ ಓದುವ ಮೊಮ್ಮಗಳು ಪುಟ್ಟಿ.

ಅವತ್ತು ಶನಿವಾರ. ಹೆಂಡತಿಯ ಮಂಡಿನೋವಿಗೆ ಫಿಸಿಯೋಥೆರಪಿ ಮಾಡಿಸಿಕೊಂಡು ಮನೆಗೆ ಬರುತ್ತಿದ್ದೆವು. ಮೈಸೂರಿನ ಬಲ್ಲಾಳ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಕ್ಲಚ್ ಒತ್ತಿದೆ, ಬ್ರೇಕ್ ಒತ್ತಿದೆ, ಕಾರು ನಿಂತಿತು. ಅದರ ಜೊತೆಗೆ ಎಂಜಿನ್ನೂ ನಿಂತುಬಿಟ್ಟಿತು. ಹಸಿರು ದೀಪ ಬಂದಾಗ ನಾನು ಕೀ ತಿರುಗಿಸುತ್ತಲೇ ಇದ್ದೆ. ಹಿಂದಿನಿಂದ ಹಾರ್ನುಗಳ ಮೇಳ. ಒಬ್ಬ ಸ್ಕೂಟರಿನ ಹುಡುಗ ಪಕ್ಕಕ್ಕೆ ಬಂದು, “ತಾತಾ, ಈ ವಯಸ್ಸಲ್ಲಿ ಯಾಕೆ ಬೇಕಿತ್ತು?” ಅಂದು ಹೋದ. ಅವನ ಮಾತಿಗಿಂತ ನನ್ನವಳು ಏನೂ ಮಾತಾಡದೆ ಕೂತಿದ್ದೇ ನನಗೆ ಹೆಚ್ಚು ಚುಚ್ಚಿತು.

ಆ ತಿಂಗಳಲ್ಲಿ ಹೀಗಾಗಿದ್ದು ಅದು ನಾಲ್ಕನೇ ಸಲ. ಅದಕ್ಕೆ ಮೊದಲು ಒಂದು ದೊಡ್ಡ ಗ್ಯಾರೇಜಿಗೆ ಬಿಟ್ಟಿದ್ದೆ. ಅವರು ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಬದಲಾಯಿಸಿ, “ಇನ್ನೂ ಹೀಗೇ ಆದರೆ ಪೆಟ್ರೋಲ್ ಪಂಪ್ ಬದಲಾಯಿಸಬೇಕು ಸಾರ್” ಎಂದು ಒಂದು ಅಂದಾಜು ಪಟ್ಟಿ ಕೊಟ್ಟಿದ್ದರು. ಆ ಮೊತ್ತ ನೋಡಿ ನನ್ನ ಎಂಜಿನ್ನೇ ಒಂದು ಕ್ಷಣ ನಿಂತಿತ್ತು.

ಆ ರಾತ್ರಿ ಊಟವಾದ ಮೇಲೆ ಮಗ ಮೆಲ್ಲಗೆ ಶುರು ಮಾಡಿದ. “ಅಪ್ಪ, ಬೇಜಾರು ಮಾಡ್ಕೋಬೇಡಿ. ಕಾರಿಗೇನೂ ಆಗಿಲ್ಲ ಅನ್ಸುತ್ತೆ. ನಿಮ್ಮ ಎಡಗಾಲು ಕ್ಲಚ್ ಮೇಲೆ ಸರಿಯಾಗಿ ಕೂರ್ತಿಲ್ಲ. ಇನ್ಮೇಲೆ ಕೀ ನನ್ನ ಹತ್ರ ಇರ್ಲಿ.”

ನನಗೆ ಎಪ್ಪತ್ತನಾಲ್ಕು. ಕಾರು 2008ರದು. ಐವತ್ತೈದು ದಾಟಿದ ಮೇಲೆ ಡ್ರೈವಿಂಗ್ ಲೈಸೆನ್ಸನ್ನು ಐದೈದು ವರ್ಷಕ್ಕೆ ಮಾತ್ರ ನವೀಕರಿಸುತ್ತಾರೆ, ಅದೂ ಡಾಕ್ಟರ ಸರ್ಟಿಫಿಕೇಟ್ ಕೊಟ್ಟರೆ. ಹದಿನೈದು ವರ್ಷ ದಾಟಿದ ಸ್ವಂತ ಕಾರಿನ ಆರ್.ಸಿ.ಯೂ ಹಾಗೆಯೇ ಐದೈದು ವರ್ಷ. ಅಂದರೆ ನಾವಿಬ್ಬರೂ ಎಕ್ಸ್‌ಟೆನ್ಷನ್ ಮೇಲೆ ಇರುವವರು. ನಮ್ಮಿಬ್ಬರಲ್ಲಿ ಕೆಟ್ಟವರು ಯಾರು?

ನಿಜ ಹೇಳಬೇಕೆಂದರೆ ನನಗೇ ಅನುಮಾನ ಬಂದಿತ್ತು. ರಾತ್ರಿ ಹಾಸಿಗೆಯಲ್ಲಿ ಮಲಗಿ ಎಡಗಾಲನ್ನು ಇಲ್ಲದ ಕ್ಲಚ್ಚಿನ ಮೇಲೆ ಒತ್ತಿ ಬಿಟ್ಟು ನೋಡಿದೆ. ಬೆಳಿಗ್ಗೆ ಮಗನಿಗೆ ಹೇಳಿದೆ: “ಹದಿನೈದು ದಿನ ನೋಟಿಸ್ ಕೊಡು. ತಪ್ಪು ಕಾಲಿನದು ಅಂತ ಗೊತ್ತಾದ್ರೆ ಕೀ ನಾನೇ ತಂದುಕೊಡ್ತೀನಿ.” ಅಲ್ಲಿಯವರೆಗೆ ರಿಂಗ್ ರೋಡಿಗೆ ಹೋಗುವುದಿಲ್ಲ, ಮನೆ ಸುತ್ತಮುತ್ತ ವಾಹನ ಕಡಿಮೆ ಇರುವ ರಸ್ತೆಯಲ್ಲಿ ಮಾತ್ರ ಓಡಿಸುತ್ತೇನೆ ಎಂದು ಒಪ್ಪಂದವಾಯಿತು.

ಒಂಬತ್ತರ ಗುಟ್ಟು

ನಾನು ಬ್ಯಾಂಕಿಗೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಜಮೆ, ಖರ್ಚು ಎಲ್ಲವನ್ನೂ ಕೈಯಲ್ಲೇ ಬರೆದು ಕೂಡಬೇಕು. ಸಂಜೆ ಎರಡು ಕಡೆಯ ಮೊತ್ತ ತಾಳೆಯಾಗದಿದ್ದರೆ ಮನೆಗೆ ಹೋಗುವ ಹಾಗಿಲ್ಲ. ಒಂದು ದಿನ 90 ರೂಪಾಯಿ ವ್ಯತ್ಯಾಸ ಬಂತು. ನಾನು ಮೊದಲ ವೋಚರಿನಿಂದ ಒಂದೊಂದಾಗಿ ಹುಡುಕಲು ಕೂತೆ. ನಮ್ಮ ಹೆಡ್ ಕ್ಲರ್ಕ್ ಕನ್ನಡಕ ಇಳಿಸಿ ಹೇಳಿದರು: “ಹುಡುಕೋದಕ್ಕೆ ಮೊದಲು ತಪ್ಪಿನ ಮುಖ ನೋಡಯ್ಯ. 90 ಒಂಬತ್ತರಿಂದ ಭಾಗವಾಗುತ್ತೋ ಇಲ್ವೋ?”

ಆಗುತ್ತದೆ. ಅಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಮಾಡಿ ಬರೆದರೆ, ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 540 ಬರೆಯುವಲ್ಲಿ 450 ಬರೆದರೆ ವ್ಯತ್ಯಾಸ 90. 63ನ್ನು 36 ಮಾಡಿದರೆ 27. ಖರ್ಚಿನ ಕಡೆ ಬರೆಯಬೇಕಾದ್ದನ್ನು ಜಮೆಯ ಕಡೆ ಬರೆದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟು ಬರುತ್ತದೆ. ಆಗ ವ್ಯತ್ಯಾಸದ ಅರ್ಧ ಎಲ್ಲಿದೆ ಎಂದು ಹುಡುಕಬೇಕು. ಭಾಗವಾದ ಮಾತ್ರಕ್ಕೆ ತಪ್ಪು ಅದೇ ಎಂದು ತೀರ್ಮಾನಿಸಬಾರದು. ಮೊದಲು ಎಲ್ಲಿ ಹುಡುಕಬೇಕು ಎಂಬುದಂತೂ ತಿಳಿಯುತ್ತದೆ. ಅವತ್ತು ಹತ್ತು ನಿಮಿಷದಲ್ಲಿ ನನ್ನ 450 ಸಿಕ್ಕಿತು.

ಕಾರಿಗೂ ಇದೇ ದಾರಿ ಹಿಡಿಯೋಣ ಎಂದುಕೊಂಡೆ. ಹಳೆಯ ಡೈರಿಯಲ್ಲಿ ಪುಟ್ಟಿಯ ಕೈಲಿ ಗೆರೆ ಹಾಕಿಸಿದೆ. ತಾರೀಕು, ಹೊತ್ತು, ಎಂಜಿನ್ ಬಿಸಿಯೋ ತಣ್ಣಗೋ, ಏಸಿ ಹಾಕಿತ್ತೋ ಇಲ್ಲವೋ, ತಾತನ ಕಾಲು ಎಲ್ಲಿತ್ತು, ಎಂಜಿನ್ ಹೇಗೆ ನಿಂತಿತು ಎಂದು ಆರು ಕಾಲಂ. ಅವಳು ಬೆಲ್ಟ್ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಡೈರಿ ಹಿಡಿದು ಕೂತಳೆಂದರೆ ನಮ್ಮ ಬ್ಯಾಂಕಿನ ಇನ್‌ಸ್ಪೆಕ್ಟರ್ ನೆನಪಾಗುತ್ತಿದ್ದರು.

ಕೊನೆಯ ಕಾಲಂ ನಾನೇ ಯೋಚಿಸಿ ಹಾಕಿಸಿದ್ದು. ಕ್ಲಚ್ ಎಂದರೆ ಎಂಜಿನ್ನನ್ನೂ ಚಕ್ರವನ್ನೂ ಜೋಡಿಸುವ, ಬಿಡಿಸುವ ವ್ಯವಸ್ಥೆ. ಗೇರಿನಲ್ಲಿ ಇರುವಾಗ ಕ್ಲಚ್ ಒತ್ತದೆ ಬ್ರೇಕ್ ಹಾಕಿ ನಿಲ್ಲಿಸಿದರೆ, ಅಥವಾ ಹೊರಡುವಾಗ ಕ್ಲಚ್ಚನ್ನು ತಟ್ಟನೆ ಬಿಟ್ಟರೆ, ಚಕ್ರವೇ ಎಂಜಿನ್ನನ್ನು ಹಿಡಿದು ನಿಲ್ಲಿಸುತ್ತದೆ. ಆಗ ಕಾರು ಕುಲುಕುತ್ತದೆ. ಅದು ಕಾಲಿನ ತಪ್ಪು. ಕ್ಲಚ್ ಪೂರ್ತಿ ಒತ್ತಿದ್ದಾಗ ಅಥವಾ ಗೇರು ನ್ಯೂಟ್ರಲ್‌ನಲ್ಲಿ ಇದ್ದಾಗ ಎಂಜಿನ್ ಸದ್ದಿಲ್ಲದೆ ದೀಪ ಆರಿದ ಹಾಗೆ ನಿಂತರೆ ಅದಕ್ಕೆ ಕಾಲು ಹೊಣೆಯಲ್ಲ.

ಎಂಟು ದಿನದಲ್ಲಿ ಎಂಜಿನ್ ಒಂಬತ್ತು ಸಲ ನಿಂತಿತು. ಏಳು ಸಲ “ಕುಲುಕದೆ, ಮೆತ್ತಗೆ” ಎಂದು ಪುಟ್ಟಿ ಬರೆದಿದ್ದಳು. ಉಳಿದ ಎರಡರ ವಿಷಯಕ್ಕೆ ಆಮೇಲೆ ಬರುತ್ತೇನೆ. ಆ ಏಳೂ ಸಲ ನನ್ನ ಬಲಗಾಲು ಆಕ್ಸಿಲರೇಟರ್ ಮೇಲೆ ಇರಲಿಲ್ಲ. ಐದು ಸಲ ಏಸಿ ಹಾಕಿತ್ತು. ಓಡುವಾಗ ಒಂದು ಸಲವೂ ನಿಂತಿರಲಿಲ್ಲ.

ಪುಟ್ಟಿ ಡೈರಿ ನೋಡುತ್ತಾ ಕೇಳಿದಳು, “ತಾತ, ಪೆಟ್ರೋಲ್ ಪಂಪ್ ಕೆಟ್ಟಿದ್ರೆ ಜೋರಾಗಿ ಹೋಗುವಾಗ ಜಾಸ್ತಿ ಕಷ್ಟ ಆಗ್ಬೇಕಲ್ವಾ? ಆಗ ತಾನೇ ಜಾಸ್ತಿ ಪೆಟ್ರೋಲ್ ಬೇಕು?” ದೊಡ್ಡ ಗ್ಯಾರೇಜಿನಲ್ಲಿ ನಾನು ಕೇಳಬೇಕಿದ್ದ ಪ್ರಶ್ನೆ ಅದು.

ಎಂಜಿನ್ನಿನ ಪಕ್ಕದ ಬಾಗಿಲು

ಡೈರಿ ಹಿಡಿದು ನಮ್ಮ ಬಡಾವಣೆಯ ಹಿಂದಿನ ರಸ್ತೆಯ ಸಣ್ಣ ಗ್ಯಾರೇಜಿಗೆ ಹೋದೆವು. ಅಲ್ಲಿನ ಮೇಸ್ತ್ರಿ ಅರವತ್ತು ದಾಟಿದವರು. ಡೈರಿಯನ್ನು ಎರಡು ಸಲ ಓದಿ, “ಇಷ್ಟು ಬರ್ಕೊಂಡು ಬಂದೋರನ್ನ ನಾನು ನೋಡೇ ಇಲ್ಲ ಸಾರ್. ಅರ್ಧ ಕೆಲಸ ಮುಗೀತು” ಅಂದರು. ಪುಟ್ಟಿ ಬೆನ್ನು ನೆಟ್ಟಗೆ ಮಾಡಿಕೊಂಡಳು.

ಮೊದಲು ಕಾರನ್ನು ನಿಲ್ಲಿಸಿ ಸ್ಟಾರ್ಟ್ ಮಾಡಿಸಿದರು. ಸ್ಕ್ಯಾನರ್ ಸಿಕ್ಕಿಸಿದರು. ಅದು ಯಾವ ದೋಷವನ್ನೂ ತೋರಿಸಲಿಲ್ಲ. ಆದರೆ ಕಾಲು ತೆಗೆದಾಗ ನಿಮಿಷಕ್ಕೆ 800 ಸುತ್ತಿನ ಆಸುಪಾಸಿನಲ್ಲಿ ನಿಲ್ಲಬೇಕಾದ ಎಂಜಿನ್ 600, 500, 400 ಎಂದು ಇಳಿದು ಆರಿಹೋಯಿತು. ಮತ್ತೆ ಸ್ಟಾರ್ಟ್ ಮಾಡಿಸಿ, ಆಕ್ಸಿಲರೇಟರನ್ನು ಒಂಚೂರು ಒತ್ತಿ ಹಿಡಿಯಲು ಹೇಳಿದರು. ಎಂಜಿನ್ ಹಾಲು ಕುಡಿದ ಮಗುವಿನ ಹಾಗೆ ಹಾಯಾಗಿ ಓಡಿತು.

“ನೋಡಮ್ಮ,” ಮೇಸ್ತ್ರಿ ಪುಟ್ಟಿಗೆ ಹೇಳಿದರು, “ಕಾಲು ಇಟ್ರೆ ಬದುಕುತ್ತೆ. ಅಂದ್ರೆ ಪೆಟ್ರೋಲ್ ಇದೆ, ಕಿಡಿ ಇದೆ. ಕಾಲು ತೆಗೆದ್ರೆ ಸಾಯುತ್ತೆ. ಏನಿಲ್ಲ ಹಾಗಾದ್ರೆ? ಗಾಳಿ ಇಲ್ಲ.”

ಮಕ್ಕಳೇ, ಎಳನೀರು ಕುಡಿಯುವಾಗ ಸ್ಟ್ರಾವನ್ನು ಬೆರಳಿನಿಂದ ಒತ್ತಿ ಹಿಡಿದು ಹೀರಿ ನೋಡಿ. ಕೆನ್ನೆ ಒಳಗೆ ಹೋಗುತ್ತದೆ. ಎಂಜಿನ್ನೂ ಹೀಗೆಯೇ ಗಾಳಿ ಹೀರುತ್ತದೆ. ಪಿಸ್ಟನ್ ಕೆಳಗೆ ಇಳಿದಾಗ ಗಾಳಿ ಒಳಗೆ ಬರುತ್ತದೆ. ಹೊರಗಿನ ಗಾಳಿಯನ್ನು ಒಂದೊಂದು ಸಿಲಿಂಡರಿಗೂ ಹಂಚುವ ಕವಲು ಕೊಳವೆಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಎನ್ನುತ್ತಾರೆ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಹದಿನಾಲ್ಕೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು ಗಾಳಿ ಬೇಕು. ಕೊಳವೆಯ ಬಾಯಲ್ಲಿ ಥ್ರಾಟಲ್ ಎಂಬ ದುಂಡನೆಯ ತಟ್ಟೆ ಇದೆ. ಆಕ್ಸಿಲರೇಟರ್ ಒತ್ತಿದರೆ ಅದು ತೆರೆಯುತ್ತದೆ. ಕಾಲು ತೆಗೆದರೆ ಮುಚ್ಚುತ್ತದೆ.

ಮುಚ್ಚಿದ ಮೇಲೆ ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ ಉಸಿರಾಡುವುದು ಹೇಗೆ? ನಮ್ಮ ಬ್ಯಾಂಕಿನ ಹಾಗೆ. ವ್ಯವಹಾರದ ಹೊತ್ತು ಮುಗಿದ ಮೇಲೆ ದೊಡ್ಡ ಶಟರ್ ಎಳೆಯುತ್ತಿದ್ದೆವು. ಆದರೂ ಒಳಗೆ ಕೆಲಸ ನಡೆಯುತ್ತಿತ್ತು. ಕಾಫಿ ತರುವವನು, ಸ್ಟಾಫು ಎಲ್ಲರೂ ಪಕ್ಕದ ಪುಟ್ಟ ಬಾಗಿಲಿನಿಂದ ಓಡಾಡುತ್ತಿದ್ದೆವು. ಅಲ್ಲೊಬ್ಬ ವಾಚ್‌ಮನ್ ಇರುತ್ತಿದ್ದ. ನಮ್ಮ ಕಾರಿನಲ್ಲೂ ಥ್ರಾಟಲ್ ಪಕ್ಕದಲ್ಲಿ ಮ್ಯಾನಿಫೋಲ್ಡಿಗೆ ಹೋಗುವ ಸಣ್ಣ ದಾರಿ ಇದೆ. ಅದರ ವಾಚ್‌ಮನ್ನೇ ಐಡಲ್ ಏರ್ ವಾಲ್ವ್. ಎಂಜಿನ್ನಿನ ಕಂಪ್ಯೂಟರ್ ಹೇಳಿದಂತೆ ಅದು ಹಿಂದೆ ಮುಂದೆ ಸರಿಯುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದರೆ ಹೆಚ್ಚು ಗಾಳಿ ಬಿಡುತ್ತದೆ. ಏಸಿ ಹಾಕಿದರೆ, ಹೆಡ್‌ಲೈಟ್ ಹಾಕಿದರೆ ಎಂಜಿನ್ ಮೇಲೆ ಭಾರ ಬೀಳುತ್ತದಲ್ಲ, ಆಗಲೂ ಇನ್ನಷ್ಟು ತೆರೆಯುತ್ತದೆ. ಇತ್ತೀಚಿನ ಹಲವು ಕಾರುಗಳಲ್ಲಿ ಈ ವಾಚ್‌ಮನ್ ಬೇರೆ ಇಲ್ಲ. ಮೋಟಾರಿನಿಂದ ತಿರುಗುವ ಥ್ರಾಟಲ್ ತಟ್ಟೆಯೇ ಆ ಕೆಲಸವನ್ನೂ ಮಾಡುತ್ತದೆ.

ನಮ್ಮ ಕಾರಿನ ವಾಚ್‌ಮನ್ ಬಾಗಿಲು ಹಾಕಿಕೊಂಡು ನಿದ್ದೆ ಹೊಡೆಯುತ್ತಿದ್ದಾನೆ ಎಂದು ಮೇಸ್ತ್ರಿಯ ಅನುಮಾನ. ಹಾಗಂತ ತಕ್ಷಣ ಬಿಚ್ಚಲಿಲ್ಲ. ರಬ್ಬರ್ ಹೋಸುಗಳನ್ನೆಲ್ಲ ಕೈಯಿಂದ ತಡವಿ, ಬಗ್ಗಿಸಿ, ಬಿರುಕು ಇದೆಯೇ, ಎಲ್ಲಾದರೂ ಹುಸ್ ಎನ್ನುವ ಸದ್ದು ಬರುತ್ತಿದೆಯೇ ಎಂದು ನೋಡಿದರು. ಸ್ಟ್ರಾದಲ್ಲಿ ತೂತಾದರೆ ಎಳನೀರಿನ ಬದಲು ಗಾಳಿ ಬರುತ್ತದಲ್ಲ, ಹಾಗೆ ಹೋಸ್ ಸೀಳಿದ್ದರೂ ಎಂಜಿನ್ ತಡಬಡಿಸುತ್ತದೆ. ಹೋಸು ಗಟ್ಟಿಯಾಗಿದ್ದವು. ಸ್ಕ್ಯಾನರ್ ಯಾಕೆ ಏನೂ ಹೇಳಲಿಲ್ಲ ಎಂದು ಕೇಳಿದೆ. “ವೈರು ಕಟ್ಟಾಗಿದ್ರೆ ಹೇಳ್ತಿತ್ತು ಸಾರ್. ವಾಲ್ವಿಗೆ ಕರೆಂಟು ಸರಿಯಾಗಿ ಹೋಗ್ತಿದೆ, ವಾಲ್ವು ಅಲ್ಲಾಡ್ತಿಲ್ಲ. ಎಲ್ಲ ಸಲ ಅದು ಸ್ಕ್ಯಾನರಿಗೆ ಗೊತ್ತಾಗಲ್ಲ.”

ಮಸಿ ಹಿಡಿದ ವಾಚ್‌ಮನ್

ಎಂಜಿನ್ ಆರುವವರೆಗೆ ಕಾದು, ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದರು. ಗಾಳಿ ಬರುವ ದಪ್ಪ ಕೊಳವೆ ಬಿಚ್ಚಿದರು. ವಾಲ್ವಿನ ಕನೆಕ್ಟರನ್ನು ವೈರು ಹಿಡಿದು ಎಳೆಯದೆ, ಅದರ ಕೊಂಡಿ ಒತ್ತಿ ತೆಗೆದರು. ಎರಡು ಸ್ಕ್ರೂ ಬಿಚ್ಚಿದ ಮೇಲೆ ವಾಲ್ವ್ ಕೈಗೆ ಬಂತು. ಹೆಬ್ಬೆರಳಿನಷ್ಟು ದಪ್ಪ, ತುದಿಯಲ್ಲಿ ಶಂಕುವಿನಂಥ ಮೂತಿ. ಆ ಮೂತಿಯ ಮೇಲೆ ಒಲೆಯ ಹಿಂದಿನ ಗೋಡೆಯಲ್ಲಿ ಕಾಣುವಂಥ ಜಿಡ್ಡುಮಸಿ.

“ಮಸಿ ಎಲ್ಲಿಂದ ಬಂತು? ಗಾಳಿಗೆ ಫಿಲ್ಟರ್ ಇದೆಯಲ್ಲ?” ಪುಟ್ಟಿಯ ಪ್ರಶ್ನೆ. ಎಂಜಿನ್ನಿನ ಒಳಗಿನ ಆಯಿಲ್ ಕಾದು ಆವಿಯಾಗುತ್ತದೆ. ಆ ಆವಿಯನ್ನು ಹೊರಗೆ ಬಿಟ್ಟರೆ ಊರಿನ ಗಾಳಿ ಕೆಡುತ್ತದೆ ಎಂದು ಒಂದು ಕೊಳವೆಯ ಮೂಲಕ ಮತ್ತೆ ಎಂಜಿನ್ನಿಗೇ ಕಳಿಸಿ ಸುಡುತ್ತಾರೆ. ದಾರಿಯಲ್ಲಿ ಅದು ಸ್ವಲ್ಪ ಸ್ವಲ್ಪವಾಗಿ ಅಂಟಿ, ಧೂಳು ಸೇರಿ, ವರ್ಷಗಳಲ್ಲಿ ಹೀಗೆ ಗಟ್ಟಿಯಾಗುತ್ತದೆ.

ಮೇಸ್ತ್ರಿ ಅದಕ್ಕೆಂದೇ ಬರುವ ಕ್ಲೀನರ್ ಸ್ಪ್ರೇ ಹೊಡೆದು ಮೆತ್ತನೆಯ ಬ್ರಶ್ಶಿನಿಂದ ಉಜ್ಜಿದರು. ಮೂತಿಯನ್ನು ಬೆರಳಲ್ಲಿ ಒತ್ತಲು ಹೋದ ನನ್ನ ಕೈಯನ್ನು ತಡೆದರು. ಒಳಗೆ ಸೂಕ್ಷ್ಮವಾದ ಮೋಟಾರ್ ಇರುವುದರಿಂದ ಬಲವಂತ ಮಾಡಿದರೆ ವಾಲ್ವೇ ಹಾಳಾಗುತ್ತದಂತೆ. ಆಮೇಲೆ ವಾಲ್ವ್ ಕೂರುವ ದಾರಿಯನ್ನೂ ಒರೆಸಿದರು. ಮಕ್ಕಳೇ, ಆ ಸ್ಪ್ರೇಗೆ ಬಲುಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ. ಇದು ನೋಡಿ ಕಲಿಯುವ ಕೆಲಸ. ದೊಡ್ಡವರಿಲ್ಲದೆ ಕೈ ಹಾಕಬೇಡಿ. ದೊಡ್ಡವರೂ ಎಂಜಿನ್ ಬಿಸಿ ಇದ್ದಾಗ ಕೈ ಹಾಕಬೇಡಿ.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ ಹೊಸ ತಮಾಷೆ. ಮೊದಲು 400ಕ್ಕೆ ಬೀಳುತ್ತಿದ್ದ ಎಂಜಿನ್ ಈಗ ಕಾಲು ತೆಗೆದರೂ 1400ರಲ್ಲಿ ಗುಂಯ್‌ಗುಡುತ್ತಿದೆ! ನನ್ನ ಮುಖ ಬಿಳಿಚಿತು. ಮೇಸ್ತ್ರಿ ನಕ್ಕರು. “ಆಗ ಗಾಳಿ ಕಮ್ಮಿ. ಈಗ ಜಾಸ್ತಿ. ಎಲ್ಲೋ ಕಳ್ಳದಾರಿ ಇದೆ.” ವಾಲ್ವಿನ ಬುಡದ ರಬ್ಬರ್ ಉಂಗುರ ಹಳತಾಗಿ ಚಪ್ಪಟೆಯಾಗಿತ್ತು. ಬಿಚ್ಚಿ ಹಾಕಿದ್ದರಿಂದ ಅದರ ಪಕ್ಕದಲ್ಲಿ ಗಾಳಿ ನುಸುಳುತ್ತಿತ್ತು. ಹೊಸ ಉಂಗುರ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಸ್ವಲ್ಪ ಹೊತ್ತು ಓಡಲು ಬಿಟ್ಟರು. ಎಂಜಿನ್ 800ರ ಹತ್ತಿರ ಬಂದು ನಿಂತಿತು. ಏಸಿ ಹಾಕಿದರು. ಒಮ್ಮೆ ತಗ್ಗಿತು, ತಾನೇ ಸಾವರಿಸಿಕೊಂಡು ಎದ್ದಿತು. ಹೆಡ್‌ಲೈಟ್ ಹಾಕಿದರು. ಅಲುಗಲಿಲ್ಲ. ಪುಟ್ಟಿ ಚಪ್ಪಾಳೆ ಹೊಡೆದಳು. ಒಟ್ಟು ಖರ್ಚು ಪಂಪಿಗೆ ಹೇಳಿದ್ದ ದುಡ್ಡಿನ ಹತ್ತರಲ್ಲಿ ಒಂದು ಭಾಗವೂ ಆಗಲಿಲ್ಲ.

ಹೊರಡುವಾಗ ಮೇಸ್ತ್ರಿ ಒಂದು ಮಾತು ಹೇಳಿದರು. ಬ್ರೇಕ್ ಒತ್ತಲು ನಮ್ಮ ಕಾಲಿಗೆ ಸಹಾಯ ಮಾಡುವ ಬೂಸ್ಟರ್ ಕೂಡ ಈ ಮ್ಯಾನಿಫೋಲ್ಡಿನ ಹೀರುವ ಶಕ್ತಿಯಿಂದಲೇ ಕೆಲಸ ಮಾಡುತ್ತದೆ. ಎಂಜಿನ್ ನಿಂತ ಮೇಲೆ ಒಂದೆರಡು ಸಲ ಬ್ರೇಕ್ ಒತ್ತಿದರೆ ಆ ಸಹಾಯ ಮುಗಿದು ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗೂ ಭಾರವಾಗುತ್ತದೆ. “ಮೆಲ್ಲಗೆ ತಾನೇ ನಿಲ್ಲುತ್ತೆ ಅಂತ ಬಿಟ್ಕೊಂಡು ಓಡಾಡಬಾರದು ಸಾರ್.”

ಖಾಲಿ ಬಿಟ್ಟ ಎರಡು ಸಾಲು

ಈಗ ಉಳಿದ ಎರಡರ ವಿಷಯ. ಡೈರಿಯಲ್ಲಿ ಆ ಎರಡು ಸಾಲಿನಲ್ಲಿ ತಾರೀಕು, ಹೊತ್ತು ಬರೆದು ಕೊನೆಯ ಕಾಲಂ ಖಾಲಿ ಬಿಟ್ಟಿದ್ದಳು ಪುಟ್ಟಿ. ಎರಡೂ ಅವಳ ಸಂಗೀತದ ಕ್ಲಾಸಿನಿಂದ ಬರುವಾಗ, ಸಂಜೆ ಏಳರ ಮೇಲೆ. ಯಾಕೆ ಬರೆದಿಲ್ಲ ಎಂದು ಕೇಳಿದ್ದೆ. ತಲೆ ತಗ್ಗಿಸಿ, “ಕುಲುಕಿತ್ತು ತಾತ. ಬರೆದ್ರೆ ಅಪ್ಪ ಕೀ ತಗೊಂಡ್ಬಿಡ್ತಾರೆ” ಅಂದಿದ್ದಳು.

ಎರಡು ಸಲವೂ ರಸ್ತೆಯ ಹಂಪ್ ನನಗೆ ತೀರಾ ಹತ್ತಿರ ಬಂದ ಮೇಲೆ ಕಂಡಿತ್ತು. ಗಾಬರಿಯಲ್ಲಿ ಬ್ರೇಕ್ ತುಳಿದಿದ್ದೆ, ಕ್ಲಚ್ ತುಳಿದಿರಲಿಲ್ಲ. ಆದರೆ ಅವತ್ತು ನಾನು ಹಾಗೆ ಹೇಳಲಿಲ್ಲ. “ಹೆಡ್‌ಲೈಟ್ ಹಾಕಿತ್ತಲ್ಲ, ಅದರ ಭಾರಕ್ಕೆ ನಿಂತಿರಬೇಕು. ಖಾಲಿ ಇರಲಿ ಬಿಡು” ಅಂದುಬಿಟ್ಟೆ. ಮೂವತ್ತೈದು ವರ್ಷ ಲೆಡ್ಜರ್ ಬರೆದವನು ಆಡಿದ ಮಾತು ಅದು!

ರಿಪೇರಿಯಾಗಿ ಐದನೇ ದಿನ ಅದೇ ಸಂಗೀತದ ಕ್ಲಾಸು, ಅದೇ ಕತ್ತಲು. ಎದುರಿನಿಂದ ಬಂದ ಬೈಕಿನ ಬೆಳಕು ಕಣ್ಣಿನ ತುಂಬ ಹರಡಿಕೊಂಡಿತು. ಹಂಪ್ ಕಾಣಲಿಲ್ಲ. ಬ್ರೇಕ್ ತುಳಿದೆ. ಕಾರು ಕುಲುಕಿ ನಿಂತಿತು. ಪುಟ್ಟಿ ಸೀಟ್ ಬೆಲ್ಟಿಗೆ ಜೋತು ಮುಂದಕ್ಕೆ ಬಾಗಿ ಹಿಂದಕ್ಕೆ ಬಂದಳು. ಈ ಸಲ ಹೇಳಲು ವಾಲ್ವ್ ಇರಲಿಲ್ಲ, ಹೆಡ್‌ಲೈಟೂ ಇರಲಿಲ್ಲ. ಗ್ಯಾರೇಜಿನಲ್ಲೇ ಎಲ್ಲದರ ಪರೀಕ್ಷೆ ಮುಗಿದಿತ್ತು.

ಅವಳು ಡೈರಿಯನ್ನು ತೊಡೆಯ ಮೇಲೆ ಮುಚ್ಚಿಟ್ಟುಕೊಂಡಿದ್ದಳು. ನಾನೇ ಹೇಳಿದೆ: “ಬರಿ ಪುಟ್ಟಿ. ಕುಲುಕಿ ನಿಂತಿತು ಅಂತ ಬರಿ. ಆ ಎರಡು ಸಾಲೂ ತುಂಬು. ನಾನು ಸೈನ್ ಮಾಡ್ತೀನಿ.” ಬ್ಯಾಂಕಿನ ಲೆಡ್ಜರಿನಲ್ಲಿ ತಪ್ಪನ್ನು ಅಳಿಸುವಂತಿಲ್ಲ, ಮರೆಮಾಡುವಂತಿಲ್ಲ. ಅದರ ಮೇಲೆ ಗೆರೆ ಎಳೆದು, ಸರಿಯಾದ್ದನ್ನು ಬರೆದು, ಪಕ್ಕದಲ್ಲಿ ಇನಿಷಿಯಲ್ ಹಾಕಬೇಕು. ಮೂರು ಸಾಲಿನ ಪಕ್ಕದಲ್ಲೂ ಹಾಕಿದೆ.

ಮನೆಗೆ ಬಂದು ಡೈರಿಯನ್ನು ಮಗನ ಮುಂದೆ ಇಟ್ಟೆ. ಅವನು ಪೂರ್ತಿ ಓದಿದ. ಕೀ ಕೇಳಲಿಲ್ಲ. “ಅಪ್ಪ, ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ್ವಾ?” ಅಂದ. ಡಾಕ್ಟರು ನೋಡಿ, ಎರಡೂ ಕಣ್ಣಿನಲ್ಲಿ ಪೊರೆ ಬೆಳೆಯುತ್ತಿದೆ, ರಾತ್ರಿ ಎದುರಿನ ಬೆಳಕು ಹರಡಿದಂತೆ ಕಾಣಲು ಅದೇ ಕಾರಣ ಎಂದರು. ಕಾಲು ಗಟ್ಟಿಯಾಗಿಯೇ ಇತ್ತು. ಕಣ್ಣು ತಡವಾಗಿ ಸುದ್ದಿ ಕೊಡುತ್ತಿದ್ದರೆ ಕಾಲು ತಾನೇ ಏನು ಮಾಡೀತು? ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ ನಿಜ. ಕಣ್ಣಿನ ಪೊರೆ ಆ ತಾರೀಕಿನವರೆಗೆ ಕಾಯುವುದಿಲ್ಲ. ನನ್ನ ವಯಸ್ಸಿನ ಗೆಳೆಯರೇ, ವರ್ಷಕ್ಕೊಮ್ಮೆಯಾದರೂ ತೋರಿಸಿಕೊಳ್ಳಿ.

ಆಪರೇಷನ್ನಿಗೆ ದಿನ ಗೊತ್ತಾಗಿದೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಹೊಸ ನಿಯಮ. ಹಗಲಿನಲ್ಲಿ ಕೀ ದೇವರಮನೆಯ ಪಕ್ಕದ ನನ್ನ ಮೊಳೆಯಲ್ಲಿ ಇರುತ್ತದೆ. ದೀಪ ಹಚ್ಚುವ ಹೊತ್ತಿಗೆ ನಾನೇ ಅದನ್ನು ಮಗನ ಮೇಜಿನ ಮೇಲೆ ಇಟ್ಟು ಬರುತ್ತೇನೆ. ಯಾರೂ ಕೇಳಬೇಕಾಗಿಲ್ಲ. ಸಂಗೀತದ ಕ್ಲಾಸಿನಿಂದ ಪುಟ್ಟಿಯನ್ನು ಅವಳ ಅಪ್ಪ ಕರೆತರುತ್ತಾನೆ. ಮೊನ್ನೆ ಶನಿವಾರ ಬೆಳಿಗ್ಗೆ ನನ್ನವಳನ್ನು ಫಿಸಿಯೋಥೆರಪಿಗೆ ಕರೆದೊಯ್ದೆ. ಬಲ್ಲಾಳ್ ಸರ್ಕಲ್ಲಿನಲ್ಲಿ ಮತ್ತೆ ಕೆಂಪು ದೀಪ. ಕಾರು ನಿಂತಿತು. ಎಂಜಿನ್ ಓಡುತ್ತಲೇ ಇತ್ತು. “ಏನ್ರೀ, ಸದ್ದೇ ಇಲ್ಲ, ಮತ್ತೆ ಆಫ್ ಆಯ್ತಾ?” ಎಂದು ಅವಳು ಗಾಬರಿಯಾದಳು. ಅಷ್ಟು ಮೆತ್ತಗೆ ಓಡುತ್ತಿತ್ತು.

ಮಕ್ಕಳೇ, ಈ ವಾರದ ನಿಮ್ಮ ಮನೆಗೆಲಸ: ಮೂರು ಅಂಕಿಯ ಯಾವುದಾದರೂ ಸಂಖ್ಯೆ ಬರೆಯಿರಿ. ಅದನ್ನು ಹಿಂದುಮುಂದು ಮಾಡಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉಳಿದದ್ದು 9ರಿಂದ ಭಾಗವಾಗುತ್ತದೆಯೇ ನೋಡಿ. ಅದೇ ಉತ್ತರ 11ರಿಂದಲೂ ಭಾಗವಾಗುವುದು ಯಾಕೆ ಎಂದು ತಾತನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಯೋಚಿಸಿ. ತಪ್ಪಾದರೆ ರಬ್ಬರ್ ಹಾಕಬೇಡಿ. ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದನ್ನು ಬರೆಯಿರಿ.